ಮಗನಿಗೆ ಕಿರೀಟ ತೊಡಿಸಿದ ತಾಯಿ

ಹನ್ನೆರಡಕ್ಕೆ ಮದುವೆ, ಹದಿಮೂರಕ್ಕೆ ವೈಧವ್ಯ, ಅದರ ಬೆನ್ನಿಗೇ ತಾಯ್ತನ. ಹೀಗೆ ಬಾಳನ್ನಾರಂಭಿಸಿದ ಲೇಡಿ ಮಾರ್ಗರೆಟ್ ಬೋಫರ್ಟ್ ಇಂಗ್ಲೆಂಡಿನಲ್ಲಿ ಹೊಸ ರಾಜವಂಶವೊಂದನ್ನೇ ನೆಲೆಗೊಳಿಸಿದ ಕಥೆ.

೧೪೫೭ನೆಯ ಇಸವಿ, ಜನವರಿ ತಿಂಗಳ ೨೮ನೆಯ ದಿನ. ವೇಲ್ಸ್ ನಾಡಿನ ನೈಋತ್ಯದ ಮೂಲೆಯಲ್ಲಿ, ನೀರಿನಂಚಿನ ಬಂಡೆಯ ಮೇಲೆ ನಿಂತ ಪೆಂಬ್ರೋಕ್ ಕೋಟೆ. ಹೊರಗೆ ನಡು ಚಳಿಗಾಲ. ನಾಡಿನ ತುಂಬ ದಾಯಾದಿಗಳ ಕಲಹ. ಅದರೊಡನೆ ಪ್ಲೇಗಿನ ಭೀತಿ. ಕೋಟೆಯ ಒಳಗಣ ಕೋಣೆಯೊಂದರಲ್ಲಿ ಪ್ರಸವವೇದನೆಯಿಂದ ನರಳುತ್ತಿದ್ದ ಬಾಲೆಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ವಯಸ್ಸಿಗೆ ತಕ್ಕ ಬೆಳವಣಿಗೆಯೂ ಇಲ್ಲದ ಪುಟ್ಟ ಮೈಕಟ್ಟು. ಗಂಡ ತೀರಿಕೊಂಡು ಮೂರು ತಿಂಗಳಾಗಿದ್ದಿತು. ಅಂದು ಆಕೆಗೆ ಗಂಡುಮಗು ಹುಟ್ಟಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಆದರೆ ಆ ಹೆರಿಗೆ ಎಳೆಯ ದೇಹಕ್ಕೆ ಮಾಡಿದ ಘಾಸಿ ಮಾಯಲಿಲ್ಲವೆಂದೇ ತೋರುತ್ತದೆ. ಮುಂದೆ ಎರಡು ಮದುವೆಗಳಾದರೂ ಆಕೆಯ ಒಡಲಲ್ಲಿ ಇನ್ನೊಂದು ಕೂಸು ಮೂಡಲಿಲ್ಲ.

ಆ ಬಾಲೆಯೇ ಲೇಡಿ ಮಾರ್ಗರೆಟ್ ಬೋಫರ್ಟ್. ಆ ಕೂಸು ಇಪ್ಪತ್ತೆಂಟು ವರ್ಷಗಳ ತರುವಾಯ ಇಂಗ್ಲೆಂಡಿನ ಸಿಂಹಾಸನವನ್ನೇರಿದ ಏಳನೆಯ ಹೆನ್ರಿ. ಈಕೆ ಎಂಟನೆಯ ಹೆನ್ರಿಗೆ ಅಜ್ಜಿ, ಮೊದಲನೆಯ ಎಲಿಜಬೆತ್ ರಾಣಿಗೆ ಮುತ್ತಜ್ಜಿ. ಇಂದಿನ ಇಂಗ್ಲೆಂಡಿನ ಅರಸುಮನೆತನವೂ ಈಕೆಯ ಸಂತತಿಗೇ ಸೇರಿದುದು. ಆದರೂ ಪಠ್ಯಪುಸ್ತಕಗಳಲ್ಲಿ ಹೆನ್ರಿ, ಎಡ್ವರ್ಡ್, ರಿಚರ್ಡರ ಹೆಸರುಗಳ ಸಾಲಿನ ನಡುವೆ ಈಕೆಗೆ ದೊರೆಯುವುದು ಹೆಚ್ಚೆಂದರೆ ಒಂದು ವಾಕ್ಯ. ಕತ್ತಿ ಹಿಡಿಯದೆ, ಸಿಂಹಾಸನವನ್ನೇರದೆ, ಒಂದು ರಾಜ್ಯದ ವಿಧಿಯನ್ನು ತಿರುಗಿಸಿದ ಹೆಣ್ಣು ಒಂದು ವಾಕ್ಯಕ್ಕಿಂತ ಹೆಚ್ಚಿಗೆ ಅರ್ಹಳು.

ಬೆಲೆ ಕಟ್ಟಿದ ಮಗು

ಮಾರ್ಗರೆಟ್ ಹುಟ್ಟಿದುದು ೧೪೪೩ರ ಮೇ ೩೧ರಂದು, ಬೆಡ್‌ಫರ್ಡ್ ಸೀಮೆಯ ಬ್ಲೆಟ್ಸೊ ಎಂಬಲ್ಲಿ. ತಂದೆ ಸಾಮರ್ಸೆಟ್ಟಿನ ಡ್ಯೂಕ್ ಜಾನ್ ಬೋಫರ್ಟ್. ಆತನ ವಂಶಕ್ಕೆ ರಾಜರಕ್ತದ ಹೆಮ್ಮೆಯೂ ಇದ್ದಿತು, ಅದರೊಡನೆ ಒಂದು ಕಳಂಕವೂ ಇದ್ದಿತು. ಮೂರನೆಯ ಎಡ್ವರ್ಡ್ ದೊರೆಯ ಮಗ ಜಾನ್ ಆಫ್ ಗಾಂಟ್ ಎಂಬವನಿಗೆ ಕ್ಯಾಥರಿನ್ ಸ್ವಿನ್‌ಫರ್ಡಳಲ್ಲಿ ಮದುವೆಗೆ ಮುಂಚೆ ಹುಟ್ಟಿದ ಮಕ್ಕಳ ಸಂತಾನ ಇದು. ಮುಂದೆ ತಂದೆತಾಯಿಗಳ ಮದುವೆಯಾಗಿ ಮಕ್ಕಳನ್ನು ಶಾಸನಬದ್ಧವಾಗಿ ಔರಸರೆಂದು ಒಪ್ಪಿಕೊಂಡರೂ, ಸಿಂಹಾಸನಕ್ಕೆ ಮಾತ್ರ ಇವರಿಗೆ ಹಕ್ಕಿಲ್ಲವೆಂದು ನಾಲ್ಕನೆಯ ಹೆನ್ರಿ ೧೪೦೭ರಲ್ಲಿ ಸೇರಿಸಿಬಿಟ್ಟಿದ್ದ. ಮಾರ್ಗರೆಟಳ ಮಗನ ಹಕ್ಕು ನಿಂತದ್ದು ಈ ಬಿರುಕುಬಿಟ್ಟ ತಳಹದಿಯ ಮೇಲೆಯೇ.

ಮಗಳಿಗೆ ವರ್ಷ ತುಂಬುವುದಕ್ಕೆ ನಾಲ್ಕು ದಿನವಿರುವಾಗ ತಂದೆ ತೀರಿಕೊಂಡ. ಫ್ರಾನ್ಸಿನ ದಂಡಯಾತ್ರೆಯಲ್ಲಿ ಸೋತು, ದೊರೆಯ ಅವಕೃಪೆಗೆ ಗುರಿಯಾಗಿ ಮರಳಿದ್ದ ಆತ ಪ್ರಾಣವನ್ನು ತಾನೇ ಕಳೆದುಕೊಂಡನೆಂದು ಆಗಲೇ ಜನ ಆಡಿಕೊಂಡರು. ಅಪಾರ ಆಸ್ತಿಗೆ ಉತ್ತರಾಧಿಕಾರಿಣಿ ಒಂದು ಹಸುಗೂಸು!

ಆ ಕಾಲದ ಇಂಗ್ಲೆಂಡಿನಲ್ಲಿ ದೊರೆಯಿಂದ ಭೂಮಿ ಪಡೆದ ಸರದಾರನೊಬ್ಬ ಅಪ್ರಾಪ್ತವಯಸ್ಸಿನ ಮಕ್ಕಳನ್ನು ಬಿಟ್ಟು ಸತ್ತರೆ, ಆ ಮಕ್ಕಳ ಪಾಲಕತ್ವ ದೊರೆಗೆ ಸೇರುತ್ತಿದ್ದಿತು. ದೊರೆ ಅದನ್ನು ತನ್ನಲ್ಲಿಯೇ ಉಳಿಸಿಕೊಳ್ಳಬಹುದು, ಮೆಚ್ಚಿದವರಿಗೆ ದಾನ ಮಾಡಬಹುದು, ಇಲ್ಲವೆ ಹಣಕ್ಕೆ ಮಾರಬಹುದು. ಪಾಲಕನಾದವನಿಗೆ ಮಗುವಿನ ಜಮೀನಿನ ಹುಟ್ಟುವಳಿಯ ಜೊತೆಗೆ ಅದರ ಮದುವೆ ಮಾಡಿಸುವ ಹಕ್ಕೂ ದೊರೆಯುತ್ತಿದ್ದಿತು. ಹೆಣ್ಣುಮಗುವಾದರೆ ಅದನ್ನು ತನ್ನ ಮಗನಿಗೇ ತಂದುಕೊಂಡು ಆಸ್ತಿಯನ್ನೆಲ್ಲ ಮನೆಯೊಳಗೆ ಸೇರಿಸಿಕೊಳ್ಳುವುದು ವಾಡಿಕೆ. ಮಾರ್ಗರೆಟಳ ಪಾಲಕತ್ವ ಸಫೋಕಿನ ಡ್ಯೂಕನಾಗಲಿದ್ದ ವಿಲಿಯಂ ಡ ಲಾ ಪೋಲನಿಗೆ ದೊರೆಯಿತು. ಆತ ಆ ಕೂಸಿಗೂ ತನ್ನ ಪುಟ್ಟ ಮಗನಿಗೂ ಮದುವೆ ಮಾಡಿಸಿದ. ೧೪೫೦ರಲ್ಲಿ ಆತ ಗಡೀಪಾರಾಗಿ ಹಡಗಿನಲ್ಲಿ ಹೋಗುತ್ತಿದ್ದಾಗ ಶತ್ರುಗಳು ತಲೆ ಕಡಿದರು. ೧೪೫೩ರಲ್ಲಿ ಮದುವೆಯನ್ನು ಅನೂರ್ಜಿತಗೊಳಿಸಲಾಯಿತು. ಆರನೆಯ ಹೆನ್ರಿ ದೊರೆ ಈಗ ಈ ಬಾಲೆಯ ಪಾಲಕತ್ವವನ್ನು ತನ್ನ ಮಲತಮ್ಮಂದಿರಾದ ಎಡ್ಮಂಡ್ ಟ್ಯೂಡರ್ ಮತ್ತು ಜ್ಯಾಸ್ಪರ್ ಟ್ಯೂಡರರಿಗೆ ವಹಿಸಿಕೊಟ್ಟ. ಇವರು ಐದನೆಯ ಹೆನ್ರಿಯ ವಿಧವೆ ಕ್ಯಾಥರಿನ್ ರಾಣಿ ವೇಲ್ಸಿನ ಓವೆನ್ ಟ್ಯೂಡರನಲ್ಲಿ ಪಡೆದ ಮಕ್ಕಳು.

ಎಡ್ಮಂಡನನ್ನು ವರಿಸೆಂದು ಸಂತ ನಿಕೊಲಾಸ್ ಬಿಷಪ್ಪನ ವೇಷದಲ್ಲಿ ತನಗೆ ದರ್ಶನವಿತ್ತು ಹೇಳಿದನೆಂದು ಮಾರ್ಗರೆಟ್ ವೃದ್ಧಾಪ್ಯದಲ್ಲಿ ತನ್ನ ಗುರುವಿನೊಡನೆ ಹೇಳಿಕೊಂಡಿದ್ದಳು. ದೊಡ್ಡವರು ಆಗಲೇ ನಿಶ್ಚಯಿಸಿಬಿಟ್ಟಿದ್ದುದನ್ನು ಒಂಬತ್ತು ವರ್ಷದ ಹುಡುಗಿ ದೈವಸಂಕಲ್ಪವೆಂದು ನಂಬಿ ಮನಸ್ಸಿಗೆ ಸಮಾಧಾನ ತಂದುಕೊಂಡಿರಬಹುದು.

ಹೆಣ್ಣಿಗೆ ಹನ್ನೆರಡು ತುಂಬಿದರೆ ಮದುವೆಯಾಗಬಹುದೆಂದು ಚರ್ಚಿನ ವಿಧಿ. ೧೪೫೫ರ ನವೆಂಬರಿನಲ್ಲಿ ಹನ್ನೆರಡು ವರ್ಷದ ಮಾರ್ಗರೆಟಳ ಮದುವೆ ಇಪ್ಪತ್ತೈದರ ಆಸುಪಾಸಿನ ಎಡ್ಮಂಡನೊಡನೆ ನಡೆಯಿತು. ಇಂತಹ ಎಳೆಯ ವಧುವಿನ ವಿಷಯದಲ್ಲಿ ಕೆಲವು ವರ್ಷ ಕಾಯುವುದು ದೊಡ್ಡ ಮನೆತನಗಳ ಮರ್ಯಾದೆಯಾಗಿದ್ದಿತು. ಎಡ್ಮಂಡ್ ಕಾಯಲಿಲ್ಲ. ಹೆಂಡತಿಯಲ್ಲಿ ಒಂದು ಮಗುವಾದರೆ, ಆಕೆ ಸತ್ತರೂ ಬದುಕಿದರೂ, ಅವಳ ಆಸ್ತಿಯ ಆದಾಯ ಗಂಡನಿಗೆ ಜೀವಾವಧಿ ಸಲ್ಲುತ್ತದೆಂಬ ಕಾನೂನು ಆತನ ಆತುರಕ್ಕೆ ಕಾರಣವಾಗಿದ್ದಿರಬೇಕು. ಆದರೆ ಆತನಿಗೆ ಆ ಭಾಗ್ಯವಿರಲಿಲ್ಲ. ಯಾರ್ಕ್ ಪಕ್ಷದವರ ಕೈಗೆ ಸೆರೆಸಿಕ್ಕು, ೧೪೫೬ರ ನವೆಂಬರ್ ೧ರಂದು ಕಾರ್ಮಾರ್ಥೆನ್ ಎಂಬಲ್ಲಿ ಪ್ಲೇಗಿಗೆ ತುತ್ತಾದ. ಗರ್ಭಿಣಿ ವಿಧವೆಯನ್ನು ಮೈದುನ ಜ್ಯಾಸ್ಪರ್ ತನ್ನ ಪೆಂಬ್ರೋಕ್ ಕೋಟೆಯಲ್ಲಿರಿಸಿಕೊಂಡು ಕಾಪಾಡಿದ.

ಸಾವಿರ ಪೌಂಡಿನ ಮಗ

ಇಂಗ್ಲೆಂಡಿನ ಇತಿಹಾಸದಲ್ಲಿ ‘ಗುಲಾಬಿ ಹೂಗಳ ಸಮರ’ವೆಂದು ಹೆಸರಾದ ಕಲಹ ಮೂಲತಃ ದಾಯಾದಿಗಳ ಜಗಳ. ಮೂರನೆಯ ಎಡ್ವರ್ಡನ ವಂಶದ ಎರಡು ಕವಲುಗಳಾದ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳು ಒಂದೇ ಸಿಂಹಾಸನಕ್ಕಾಗಿ ಮೂವತ್ತು ವರ್ಷ ಹೊಡೆದಾಡಿದುವು. ಲ್ಯಾಂಕಾಸ್ಟರಿನ ಆರನೆಯ ಹೆನ್ರಿ ಸಾಧು ಸ್ವಭಾವದವನು. ನಡುನಡುವೆ ಬುದ್ಧಿಭ್ರಮಣೆಯೂ ಆಗುತ್ತಿದ್ದಿತು. ಇಂತಹ ಕಾಲದಲ್ಲಿ ಗಂಡುದಿಕ್ಕಿಲ್ಲದ ವಿಧವೆ ಆಸ್ತಿಯೊಡನೆ ಒಬ್ಬಳೇ ಉಳಿದರೆ ಮತ್ತೊಮ್ಮೆ ಯಾರಾದರೂ ಆಕೆಯನ್ನು ಯಾರಿಗಾದರೂ ಒಪ್ಪಿಸುವುದು ಖಂಡಿತ. ಮಾರ್ಗರೆಟ್ ಅದಕ್ಕೆ ಅವಕಾಶ ಕೊಡಲಿಲ್ಲ. ಹೆತ್ತು ಎರಡು ತಿಂಗಳು ತುಂಬುವ ಮುನ್ನವೇ ಜ್ಯಾಸ್ಪರನೊಡನೆ ಪ್ರಯಾಣ ಮಾಡಿ, ಬಲಿಷ್ಠನಾದ ಬಕಿಂಗ್‌ಹ್ಯಾಮಿನ ಡ್ಯೂಕನ ಮನೆಗೆ ಹೋದಳು. ಆತನ ಎರಡನೆಯ ಮಗ ಸರ್ ಹೆನ್ರಿ ಸ್ಟ್ಯಾಫರ್ಡನೊಡನೆ ಮಾತುಕತೆಯಾಯಿತು. ೧೪೫೮ರ ಜನವರಿಯಲ್ಲಿ ಮದುವೆ ನಡೆಯಿತು. ಹದಿನಾಲ್ಕು ವರ್ಷದ ಹುಡುಗಿ ತನ್ನ ಬಾಳಿನ ಲಗಾಮನ್ನು ತಾನೇ ಕೈಗೆ ತೆಗೆದುಕೊಂಡ ಮೊದಲ ಸಂದರ್ಭವಿದು.

೧೪೬೧ರಲ್ಲಿ ಟೌಟನ್ ಕದನದಲ್ಲಿ ಲ್ಯಾಂಕಾಸ್ಟರ್ ಪಕ್ಷ ನುಚ್ಚುನೂರಾಗಿ, ಯಾರ್ಕಿನ ನಾಲ್ಕನೆಯ ಎಡ್ವರ್ಡ್ ದೊರೆಯಾದ. ಸ್ಟ್ಯಾಫರ್ಡನಿಗೆ ಕ್ಷಮಾದಾನ ದೊರೆಯಿತು. ಜ್ಯಾಸ್ಪರ್ ದೇಶಭ್ರಷ್ಟನಾದ. ಪೆಂಬ್ರೋಕ್ ಕೋಟೆ ವಿಲಿಯಂ ಹರ್ಬರ್ಟನ ವಶವಾಯಿತು. ಕೋಟೆಯೊಡನೆ ಅಲ್ಲಿದ್ದ ನಾಲ್ಕು ವರ್ಷದ ಹುಡುಗನೂ ಆತನ ಕೈಸೇರಿದ. ಹಿಂದೆ ತಾಯಿಗಾದುದೇ ಈಗ ಮಗನಿಗೂ ಆಯಿತು. ೧೪೬೨ರಲ್ಲಿ ಹರ್ಬರ್ಟ್ ಹುಡುಗನ ಪಾಲಕತ್ವವನ್ನೂ ಮದುವೆಯ ಹಕ್ಕನ್ನೂ ದೊರೆಯಿಂದ ಸಾವಿರ ಪೌಂಡಿಗೆ ಕೊಂಡುಕೊಂಡ. ತನ್ನ ಮಗಳನ್ನೇ ಅವನಿಗೆ ಕೊಡಬೇಕೆಂಬುದು ಆತನ ಯೋಚನೆ.

ರಾಗ್ಲನ್ ಕೋಟೆಯಲ್ಲಿ ಹರ್ಬರ್ಟನ ಹೆಂಡತಿ ಹುಡುಗನನ್ನು ಅಕ್ಕರೆಯಿಂದಲೇ ಬೆಳೆಸಿದಳು. ಹೆತ್ತವಳಿಗೆ ಉಳಿದುದು ಓಲೆ ಬರೆಯುವುದು, ಅಪರೂಪಕ್ಕೆ ಒಮ್ಮೆ ಹೋಗಿ ನೋಡಿ ಬರುವುದು. ೧೪೬೯ರಲ್ಲಿ ಎಜ್‌ಕೋಟ್ ಕದನದಲ್ಲಿ ಹರ್ಬರ್ಟ್ ಸೆರೆಸಿಕ್ಕು ಶಿರಚ್ಛೇದಕ್ಕೀಡಾದ. ಹನ್ನೆರಡು ವರ್ಷದ ಹೆನ್ರಿಯೂ ಆತನ ಜೊತೆಯಲ್ಲಿ ಹೋಗಿದ್ದ. ಸುದ್ದಿ ಕೇಳಿದ ತಾಯಿ ಮಗನೆಲ್ಲಿರುವನೆಂದು ಹುಡುಕಲು ಆಳುಗಳನ್ನು ಅಟ್ಟಿದಳು. ಹುಡುಗ ಕ್ಷೇಮವಾಗಿದ್ದಾನೆಂದು ತಿಳಿದಾಗ ಆಟಕ್ಕೆ ಬಿಲ್ಲುಬಾಣಗಳನ್ನು ಕೊಳ್ಳಲೆಂದು ಹಣ ಕಳುಹಿಸಿಕೊಟ್ಟ ಬಾಬು ಆಕೆಯ ಮನೆಯ ಲೆಕ್ಕದಲ್ಲಿದೆ. ರಾಜಕಾರಣದ ಕಡತಗಳ ನಡುವೆ ತಾಯಿಯ ಹೃದಯ ಇಣುಕುವ ಪುಟ್ಟ ಬಾಬು ಅದು.

೧೪೭೦ರ ಶರತ್ಕಾಲದಲ್ಲಿ ಆರನೆಯ ಹೆನ್ರಿಗೆ ಮತ್ತೆ ಗದ್ದುಗೆ ದೊರೆತಾಗ ತಾಯಿಮಕ್ಕಳಿಗೆ ಕೆಲವು ವಾರ ಒಟ್ಟಿಗೆ ಇರುವ ಭಾಗ್ಯ ಬಂದಿತು. ಥೇಮ್ಸ್ ನದಿಯಲ್ಲಿ ದೋಣಿಯೇರಿ ವೆಸ್ಟ್‌ಮಿನ್‌ಸ್ಟರಿಗೆ ಹೋಗಿ ದೊರೆಯ ದರ್ಶನ ಮಾಡಿದರು. ವೋಕಿಂಗಿನ ಮನೆಯಲ್ಲಿ ಕೂಡಿ ಕಾಲ ಕಳೆದರು. ಅಷ್ಟರಲ್ಲೇ ವಿಧಿ ಮತ್ತೆ ಮಗ್ಗುಲು ಬದಲಿಸಿತು. ೧೪೭೧ರ ಏಪ್ರಿಲಿನ ಬಾರ್ನೆಟ್ ಕದನ, ಮೇ ತಿಂಗಳ ಟ್ಯೂಕ್ಸ್‌ಬರಿ ಕದನ, ಇವೆರಡೂ ಲ್ಯಾಂಕಾಸ್ಟರಿನ ಕಥೆಯನ್ನು ಮುಗಿಸಿದುವು. ಆರನೆಯ ಹೆನ್ರಿಯ ಒಬ್ಬನೇ ಮಗ ರಣರಂಗದಲ್ಲಿ ಮಡಿದ. ಹದಿನೇಳು ದಿನಗಳೊಳಗೆ ದೊರೆಯೂ ಲಂಡನ್ ಗೋಪುರದ ಸೆರೆಯಲ್ಲಿ ತೀರಿಕೊಂಡ. ಬಾರ್ನೆಟಿನಲ್ಲಿ ಯಾರ್ಕ್ ಪಕ್ಷಕ್ಕೆ ಹೋರಾಡಿ ಗಾಯಗೊಂಡಿದ್ದ ಸ್ಟ್ಯಾಫರ್ಡ್ ಅಕ್ಟೋಬರಿನಲ್ಲಿ ಸತ್ತ. ಲ್ಯಾಂಕಾಸ್ಟರ್ ಕಡೆಯ ಹಕ್ಕುದಾರರಲ್ಲಿ ಗಣನೆಗೆ ಬರುವವನು ಈಗ ಮಾರ್ಗರೆಟಳ ಮಗನೊಬ್ಬನೇ. ಅವನು ಇಂಗ್ಲೆಂಡಿನಲ್ಲಿದ್ದರೆ ತಲೆ ಉಳಿಯದು. ಚಿಕ್ಕಪ್ಪ ಜ್ಯಾಸ್ಪರ್ ಅವನನ್ನು ಕರೆದುಕೊಂಡು ಟೆನ್‌ಬಿ ಬಂದರಿನಿಂದ ಕಡಲಿಗಿಳಿದ. ಹಡಗು ಫ್ರಾನ್ಸಿನ ಪಶ್ಚಿಮಕ್ಕಿರುವ ಬ್ರಿಟನಿ ನಾಡನ್ನು ಮುಟ್ಟಿತು.

ಹದಿನಾಲ್ಕು ವರ್ಷದ ವನವಾಸ

ರಾಮನ ವನವಾಸದಷ್ಟೇ ದೀರ್ಘವಾಯಿತು ಹೆನ್ರಿಯ ಪರದೇಶವಾಸ. ಆದರೆ ಇಲ್ಲಿನ ಕೌಸಲ್ಯೆ ಅಳುತ್ತ ಕೂರಲಿಲ್ಲ. ೧೪೭೨ರ ಜೂನಿನಲ್ಲಿ, ಗಂಡ ಸತ್ತು ವರ್ಷ ತುಂಬುವ ಮುನ್ನವೇ, ಆಕೆ ಲಾರ್ಡ್ ಥಾಮಸ್ ಸ್ಟ್ಯಾನ್ಲಿಯನ್ನು ವರಿಸಿದಳು. ವಾಯವ್ಯ ಸೀಮೆಯಲ್ಲಿ ದೊಡ್ಡ ಜಮೀನುದಾರ, ಸ್ವಂತ ಸೈನ್ಯವುಳ್ಳವನು, ಎಡ್ವರ್ಡ್ ದೊರೆಯ ಅರಮನೆಯ ಮೇಲ್ವಿಚಾರಕ. ಎರಡು ಪಕ್ಷಗಳ ಕದನಗಳಲ್ಲಿ ಎಂದೂ ಸೋತವರ ಕಡೆ ಸಿಕ್ಕಿಬೀಳದ ಜಾಣ. ಈ ಮದುವೆಯಲ್ಲಿ ಒಲವಿಗಿಂತ ಒಪ್ಪಂದವೇ ಹೆಚ್ಚು: ಆಕೆಯ ಆಸ್ತಿಯ ಆದಾಯ ಅವನಿಗೆ, ಅವನ ರಕ್ಷಣೆ ಆಕೆಗೆ.

ಸ್ಟ್ಯಾನ್ಲಿಯ ಪತ್ನಿಯಾಗಿ ಆಕೆ ಶತ್ರುವಿನ ಆಸ್ಥಾನದಲ್ಲಿಯೇ ಗೌರವದ ಸ್ಥಾನ ಪಡೆದಳು. ೧೪೮೦ರಲ್ಲಿ ದೊರೆಯ ಕಿರಿಯ ಮಗಳ ನಾಮಕರಣದ ದಿನ ಕೂಸನ್ನು ಎತ್ತಿಕೊಂಡು ನಡೆದವಳು ಮಾರ್ಗರೆಟಳೇ. ಆಗ ಆಕೆಯ ಮನಸ್ಸಿನಲ್ಲಿದ್ದುದು ಸಿಂಹಾಸನವಲ್ಲ. ಮಗ ಕ್ಷಮೆ ಪಡೆದು ಊರಿಗೆ ಬಂದು ತನ್ನ ಪಾಲಿನ ಜಮೀನನ್ನು ಅನುಭವಿಸಿಕೊಂಡಿರಲೆಂಬುದಷ್ಟೇ. ೧೪೮೨ರಲ್ಲಿ ದೊರೆಯ ಸಮ್ಮುಖದಲ್ಲಿ ಅಂತಹದೊಂದು ಒಪ್ಪಂದವೂ ಆಯಿತು. ಇನ್ನೇನು ಮಗ ಮನೆಗೆ ಬಂದಾನೆನ್ನುವಾಗ, ೧೪೮೩ರ ಏಪ್ರಿಲ್ ೯ರಂದು ಎಡ್ವರ್ಡ್ ಅಕಾಲ ಮರಣಕ್ಕೀಡಾದ.

ಆ ಬೇಸಗೆಯಲ್ಲಿ ಇಂಗ್ಲೆಂಡ್ ಕಂಡ ಬದಲಾವಣೆಗಳು ಬೆರಗು ಹುಟ್ಟಿಸುವಂಥವು. ಹನ್ನೆರಡು ವರ್ಷದ ರಾಜಕುಮಾರ ಪಟ್ಟವೇರಬೇಕಾಗಿದ್ದಿತು. ಅವನ ಚಿಕ್ಕಪ್ಪ ರಿಚರ್ಡ್ ಹುಡುಗನನ್ನೂ ಅವನ ತಮ್ಮನನ್ನೂ ಲಂಡನ್ ಗೋಪುರದಲ್ಲಿರಿಸಿ, ಅವರು ಔರಸರಲ್ಲವೆಂದು ಸಾರಿಸಿ, ಜುಲೈ ೬ರಂದು ತಾನೇ ಕಿರೀಟ ಧರಿಸಿದ. ಆ ಮಹೋತ್ಸವದಲ್ಲಿ ಹೊಸ ರಾಣಿಯ ನಿಲುವಂಗಿಯ ಸೆರಗನ್ನು ಹಿಡಿದು ಹಿಂದೆ ನಡೆದವಳು ಲೇಡಿ ಮಾರ್ಗರೆಟ್! ಕೆಲವೇ ವಾರಗಳಲ್ಲಿ ಗೋಪುರದ ಮಕ್ಕಳಿಬ್ಬರೂ ಕಾಣದಾದರು. ಅವರನ್ನು ಕೊಂದವರಾರೆಂಬುದು ಇಂದಿಗೂ ಬಗೆಹರಿಯದ ಸಮಸ್ಯೆ. ಕೆಲವು ಕಾದಂಬರಿಕಾರರು ಮಾರ್ಗರೆಟಳ ಕಡೆಗೂ ಬೆರಳು ತೋರಿಸಿದ್ದುಂಟು. ಆದರೆ ಆ ಕಾಲದವರಾರೂ ಆಕೆಯ ಮೇಲೆ ಅಂತಹ ಆರೋಪ ಹೊರಿಸಿಲ್ಲ. ಮಕ್ಕಳು ಸತ್ತರೆಂಬ ವದಂತಿಯ ಹಿಂದೆ ತೆರೆದ ದಾರಿಯನ್ನು ಮಾತ್ರ ಆಕೆ ಎಲ್ಲರಿಗಿಂತ ಮೊದಲು ಕಂಡಳು.

ಎಡ್ವರ್ಡನ ವಿಧವೆ ಎಲಿಜಬೆತ್ ವುಡ್‌ವಿಲ್ ಹೆಣ್ಣುಮಕ್ಕಳೊಡನೆ ವೆಸ್ಟ್‌ಮಿನ್‌ಸ್ಟರ್ ಮಠದ ಆಶ್ರಯದಲ್ಲಿ ಅವಿತುಕೊಂಡಿದ್ದಳು. ಸುತ್ತ ಕಾವಲು. ಆದರೆ ರೋಗಿಯನ್ನು ನೋಡಲು ಹೋಗುವ ವೈದ್ಯನನ್ನು ತಡೆಯುವವರಾರು? ಲೂಯಿಸ್ ಕೇರ್ಲಿಯನ್ ಎಂಬ ವೇಲ್ಸಿನ ವೈದ್ಯ ಇಬ್ಬರು ತಾಯಂದಿರಿಗೂ ಚಿಕಿತ್ಸೆ ಮಾಡುತ್ತಿದ್ದ. ಅವನ ಮುಖಾಂತರ ಒಬ್ಬಳ ಸಂದೇಶ ಇನ್ನೊಬ್ಬಳಿಗೆ ತಲಪಿತು. ಪರದೇಶದಲ್ಲಿರುವ ಹೆನ್ರಿ ಸಿಂಹಾಸನವನ್ನು ಗೆಲ್ಲಬೇಕು. ಎಡ್ವರ್ಡನ ಹಿರಿಯ ಮಗಳು ಎಲಿಜಬೆತಳನ್ನು ಮದುವೆಯಾಗಬೇಕು. ಎರಡು ಮನೆತನಗಳ ವೈರ ಹಸೆಮಣೆಯ ಮೇಲೆ ಮುಗಿಯಬೇಕು. ಮೂವತ್ತು ವರ್ಷ ಗಂಡಸರು ಕತ್ತಿಯಿಂದ ಬಿಡಿಸಲಾರದ ಗಂಟನ್ನು ಗಂಡುದಿಕ್ಕು ಕಳೆದುಕೊಂಡ ಒಬ್ಬ ರಾಣಿಯೂ ಮಗನನ್ನು ಅಗಲಿದ ಒಬ್ಬ ತಾಯಿಯೂ ವೈದ್ಯನ ಮೂಲಕ ಬಿಡಿಸಲು ಹೊರಟರು. ಮಾರ್ಗರೆಟಳ ನಂಬಿಗಸ್ತ ಕಾರ್ಯಸ್ಥ ರೆಜಿನಾಲ್ಡ್ ಬ್ರೇ ಹಣ ಕೂಡಿಸಿದ, ಜನರನ್ನು ಸೇರಿಸಿದ.

ಮೊದಲ ಪ್ರಯತ್ನ ವಿಫಲವಾಯಿತು. ೧೪೮೩ರ ಅಕ್ಟೋಬರಿನಲ್ಲಿ ದಂಗೆಯೆದ್ದ ಬಕಿಂಗ್‌ಹ್ಯಾಮಿನ ಡ್ಯೂಕ್ ಬಿರುಮಳೆಯಲ್ಲಿ, ಉಕ್ಕಿದ ಹೊಳೆಗಳ ನಡುವೆ ಸೈನ್ಯವನ್ನು ಕಳೆದುಕೊಂಡು, ನವೆಂಬರ್ ೨ರಂದು ಸಾಲ್ಸ್‌ಬರಿಯಲ್ಲಿ ತಲೆಗೊಟ್ಟ. ಹೆನ್ರಿಯ ಹಡಗುಗಳನ್ನು ಬಿರುಗಾಳಿ ಚದರಿಸಿತು. ೧೪೮೪ರ ಪಾರ್ಲಿಮೆಂಟು ಮಾರ್ಗರೆಟಳನ್ನು ರಾಜದ್ರೋಹಿಯೆಂದು ಸಾರಿತು. ಗಂಡನ ನಿಷ್ಠೆ ರಿಚರ್ಡನಿಗೆ ಬೇಕಾಗಿದ್ದುದರಿಂದ ತಲೆ ಉಳಿಯಿತು. ಆಸ್ತಿಯೆಲ್ಲ ಸ್ಟ್ಯಾನ್ಲಿಯ ಪಾಲಾಯಿತು. ಹೆಂಡತಿಯನ್ನು ಒಳಗಿರಿಸಿ, ಮಗನೊಡನೆ ಪತ್ರವ್ಯವಹಾರ ನಡೆಯದಂತೆ ನೋಡಿಕೊಳ್ಳುವ ಹೊಣೆಯೂ ಆತನ ಮೇಲೆಯೇ ಬಿದ್ದಿತು. ಆತ ಎಂತಹ ಕಾವಲುಗಾರನೆಂಬುದನ್ನು ಮುಂದಿನ ಘಟನೆಗಳೇ ಹೇಳುತ್ತವೆ. ಈ ನಡುವೆ ಹೆನ್ರಿ ೧೪೮೩ರ ಕ್ರಿಸ್ಮಸ್ ದಿನ ಬ್ರಿಟನಿಯ ರೆನ್ ನಗರದ ಮಂದಿರದಲ್ಲಿ, ಯಾರ್ಕಿನ ಎಲಿಜಬೆತಳ ಕೈಹಿಡಿಯುವುದಾಗಿ ಪ್ರಮಾಣ ಮಾಡಿದ.

೧೪೮೫ರ ಆಗಸ್ಟ್ ೭ರಂದು ಹೆನ್ರಿ ತಾನು ಹುಟ್ಟಿದ ಕೋಟೆಗೆ ಹತ್ತಿರದ ಮಿಲ್‌ಫರ್ಡ್ ಹೇವನ್ನಿನಲ್ಲಿ ಇಳಿದು, ವೇಲ್ಸಿನ ಮೂಲಕ ಸೇನೆ ನಡೆಸಿಕೊಂಡು ಬಂದ. ೨೨ರಂದು ಬಾಸ್‌ವರ್ತ್ ಬಯಲಿನಲ್ಲಿ ಎರಡು ಸೈನ್ಯಗಳು ಎದುರಾದುವು. ಸ್ಟ್ಯಾನ್ಲಿ ಸೋದರರ ಪಡೆ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಿತು. ಸ್ಟ್ಯಾನ್ಲಿಯ ಹಿರಿಯ ಮಗನನ್ನು ರಿಚರ್ಡ್ ಒತ್ತೆಯಾಗಿ ಇರಿಸಿಕೊಂಡಿದ್ದ. ಕೊನೆಗೆ ರಿಚರ್ಡ್ ನೇರವಾಗಿ ಹೆನ್ರಿಯ ಮೇಲೇ ಕುದುರೆ ನುಗ್ಗಿಸಿದಾಗ ಸರ್ ವಿಲಿಯಂ ಸ್ಟ್ಯಾನ್ಲಿಯ ಪಡೆ ನಡುವೆ ಬಿದ್ದಿತು. ರಿಚರ್ಡ್ ಹೋರಾಡುತ್ತಲೇ ಮಡಿದ. ರಣರಂಗದಲ್ಲಿ ದೊರೆತ ಕಿರೀಟವನ್ನು ಹೆನ್ರಿಯ ತಲೆಗಿಟ್ಟವನು ಮಾರ್ಗರೆಟಳ ಗಂಡನೇ ಎಂದು ಪ್ರತೀತಿ. ಹದಿನಾಲ್ಕರ ಹುಡುಗನಾಗಿ ಹೋದವನು ಇಪ್ಪತ್ತೆಂಟರ ದೊರೆಯಾಗಿ ತಾಯಿಯನ್ನು ಕಂಡ. ಅಕ್ಟೋಬರ್ ೩೦ರಂದು ಪಟ್ಟಾಭಿಷೇಕ ನಡೆದಾಗ ಆ ತಾಯಿ ಬಿಕ್ಕಿಬಿಕ್ಕಿ ಅತ್ತಳಂತೆ. ಸುಖದ ಬೆನ್ನಿಗೆ ದುಃಖ ಬರದೆ ಇರದೆಂಬ ಅಂಜಿಕೆ ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲವೆಂದು ಆಕೆಯ ಗುರು ಬಿಷಪ್ ಜಾನ್ ಫಿಶರ್ ಹೇಳಿದ್ದಾನೆ.

ತನಗೆ ತಾನೇ ಒಡತಿ

ಹೊಸ ದೊರೆಯ ಮೊದಲ ಪಾರ್ಲಿಮೆಂಟು ಆಕೆಗಾಗಿ ಒಂದು ಅಪೂರ್ವ ಶಾಸನವನ್ನು ಮಾಡಿತು. ಗಂಡ ಬದುಕಿರುವಾಗಲೇ ಆಕೆ ಅವಿವಾಹಿತ ಸ್ತ್ರೀಯಂತೆ ತನ್ನ ಹೆಸರಿನಲ್ಲಿ ಆಸ್ತಿ ಹೊಂದಬಹುದು, ಮಾರಬಹುದು, ಕೊಳ್ಳಬಹುದು, ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಪೇಟೆಯಲ್ಲಿ ವ್ಯಾಪಾರ ಮಾಡುವ ಕೆಲವು ಹೆಂಗಸರಿಗೆ ಇಂತಹ ಸೌಲಭ್ಯವಿದ್ದಿತಾದರೂ ಸರದಾರನ ಹೆಂಡತಿಗೆ ಅದು ಬಹುಮಟ್ಟಿಗೆ ಕೇಳಿಲ್ಲದ ಮಾತು. ಹುಟ್ಟಿದಂದಿನಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಿದ್ದ ಆಸ್ತಿ ನಲವತ್ತೆರಡನೆಯ ವಯಸ್ಸಿನಲ್ಲಿ ನಿಜವಾಗಿ ಆಕೆಯದಾಯಿತು.

ದೊರೆ ತಾಯಿಯ ಮಾತನ್ನು ಮೀರುತ್ತಿರಲಿಲ್ಲ. ಅರಮನೆಯ ನಡವಳಿಕೆಗಳಿಗೆ ಆಕೆ ನಿಯಮಗಳನ್ನು ರೂಪಿಸಿದಳು. ರಾಣಿಯ ಹೆರಿಗೆಯ ಕೋಣೆ ಹೇಗಿರಬೇಕೆಂಬ ವಿಧಿಗಳೂ ಆಕೆಯ ಹೆಸರಿನಲ್ಲಿಯೇ ಪ್ರಸಿದ್ಧವಾಗಿವೆ. ೧೪೯೮ರಲ್ಲಿ ಸ್ಪೇನಿನ ರಾಯಭಾರಿ ತನ್ನ ಒಡೆಯರಿಗೆ ಬರೆಯುತ್ತ, ಈ ದೊರೆಯ ಮೇಲೆ ತಾಯಿಯ ಪ್ರಭಾವ ಬಹಳ, ರಾಣಿಗೆ ಅದು ಹಿಡಿಸದು ಎಂಬ ಅರ್ಥದ ಮಾತು ಹೇಳಿದ್ದಾನೆ. ಅತ್ತೆ ಸೊಸೆಯರ ಕಥೆ ಅರಮನೆಯಲ್ಲಿಯೂ ಬೇರೆಯಾಗಿರಲಿಲ್ಲ! ೧೪೯೯ರಿಂದ ಆಕೆ ತನ್ನ ಹೆಸರಿನ ಮುಂದೆ ರಾಜಮರ್ಯಾದೆಯ ‘ಆರ್’ ಅಕ್ಷರವನ್ನು ಸೇರಿಸಿ ಸಹಿ ಹಾಕತೊಡಗಿದಳು. ಅದೇ ವರ್ಷ ಗಂಡನ ಒಪ್ಪಿಗೆಯಿಂದ ಬ್ರಹ್ಮಚರ್ಯದ ವ್ರತ ತೊಟ್ಟು, ಕಾಲಿವೆಸ್ಟನ್ ಎಂಬಲ್ಲಿ ಬೇರೆ ಮನೆ ಹೂಡಿದಳು. ಅದು ಬರಿಯ ಮನೆಯಾಗಿರಲಿಲ್ಲ. ಸುತ್ತಣ ಸೀಮೆಯ ಜನ ದೂರುಗಳನ್ನು ಅಲ್ಲಿಗೇ ತರುತ್ತಿದ್ದರು. ಆಕೆಯ ಮಂಡಲಿ ದೊರೆಯ ಹೆಸರಿನಲ್ಲಿ ನ್ಯಾಯ ತೀರ್ಮಾನಿಸುತ್ತಿದ್ದಿತು.

ಆಕೆಯನ್ನು ದೇವತೆಯಾಗಿ ಚಿತ್ರಿಸುವುದು ಸರಿಯಾಗದು. ಬರಬೇಕಾದ ಬಾಕಿಯನ್ನು ಕಾಸು ಬಿಡದೆ ವಸೂಲು ಮಾಡುತ್ತಿದ್ದಳು. ಅಜ್ಜಿಯ ಕಾಲದಿಂದ ಫ್ರಾನ್ಸಿನ ಆರ್ಲಿಯನ್ಸ್ ಮನೆತನ ಕೊಡಬೇಕಾಗಿದ್ದ ಹಣಕ್ಕೂ ಬೆನ್ನು ಹತ್ತಿದವಳು. ತಲೆಗೊಟ್ಟ ಬಕಿಂಗ್‌ಹ್ಯಾಮಿನ ಮಕ್ಕಳ ಪಾಲಕತ್ವವನ್ನು ಈಕೆಯೇ ಪಡೆದಳು. ಮಗುವಾಗಿ ತಾನು ಯಾವ ಏರ್ಪಾಡಿಗೆ ಸಿಕ್ಕಿ ನೊಂದಳೋ ಆ ಏರ್ಪಾಡಿನ ಲಾಭವನ್ನು ದೊಡ್ಡವಳಾದ ಮೇಲೆ ತಾನೂ ಉಂಡಳು. ಮಗನ ಗದ್ದುಗೆಯ ಭದ್ರತೆಗಾಗಿ ಯಾರ್ಕ್ ವಂಶದ ನಿರಪರಾಧಿ ತರುಣ, ವಾರ್ವಿಕ್ಕಿನ ಅರ್ಲ್ ಎಡ್ವರ್ಡ್, ೧೪೯೯ರಲ್ಲಿ ತಲೆ ಕೊಡಬೇಕಾಯಿತು. ಬಾಸ್‌ವರ್ತಿನಲ್ಲಿ ಮಗನ ಪ್ರಾಣ ಉಳಿಸಿದ ಮೈದುನ ಸರ್ ವಿಲಿಯಂ ಸ್ಟ್ಯಾನ್ಲಿಯೂ ಅದಕ್ಕೆ ನಾಲ್ಕು ವರ್ಷ ಮುಂಚೆ ರಾಜದ್ರೋಹದ ಆಪಾದನೆಯಿಂದ ಅದೇ ಗತಿ ಕಂಡಿದ್ದ. ಇವನ್ನು ಆಕೆ ತಡೆದಂತೆ ಕಾಣದು.

ಮೊಮ್ಮಗಳ ವಿಷಯದಲ್ಲಿ

ಆದರೆ ಒಂದು ಪ್ರಸಂಗದಲ್ಲಿ ಆಕೆ ಗಟ್ಟಿಯಾಗಿ ಅಡ್ಡ ನಿಂತಳು. ಮೊಮ್ಮಗಳಿಗೂ ಮಾರ್ಗರೆಟ್ ಎಂದೇ ಹೆಸರು; ೧೪೮೯ರ ನವೆಂಬರಿನಲ್ಲಿ ಹುಟ್ಟಿದವಳು. ಗಡಿಯ ಕಾಳಗಗಳಿಗೆ ಕೊನೆ ಹಾಡಲು ಆಕೆಯನ್ನು ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸನಿಗೆ ಕೊಡುವ ಮಾತು ೧೪೯೮ರಲ್ಲಿ ನಡೆಯುತ್ತಿದ್ದಿತು. ಹುಡುಗಿಗೆ ಇನ್ನೂ ಒಂಬತ್ತು ತುಂಬಿಲ್ಲ, ವರನಿಗೆ ಇಪ್ಪತ್ತೈದು. ರಾಜ್ಯಕ್ಕೆ ಬಲು ಲಾಭದ ಸಂಬಂಧ. ತಡಮಾಡಿದರೆ ಕೈತಪ್ಪುವ ಭಯ. ಆದರೂ ಹೆನ್ರಿ ಸ್ಪೇನಿನ ರಾಯಭಾರಿಯೊಡನೆ ತನ್ನ ತೊಡಕನ್ನು ತೋಡಿಕೊಂಡ. ಮಗಳು ಎಳೆಯವಳು, ವಯಸ್ಸಿಗೆ ತಕ್ಕಷ್ಟು ಬೆಳೆದವಳೂ ಅಲ್ಲ. ಈಗಲೇ ಕಳುಹಿಸಿಕೊಟ್ಟರೆ ಸ್ಕಾಟ್ಲೆಂಡಿನ ದೊರೆ ಕಾಯದೆ ಆಕೆಯ ಮೈಗೂ ಆರೋಗ್ಯಕ್ಕೂ ಕೇಡು ಮಾಡಿಯಾನೆಂದು ರಾಣಿಯೂ ತನ್ನ ತಾಯಿಯೂ ಅಂಜುತ್ತಾರೆ, ಆದುದರಿಂದ ಇನ್ನೂ ಕೆಲವು ವರ್ಷ ಕಾಯಬೇಕಾಗುತ್ತದೆ ಎಂದು ಅವನು ಹೇಳಿದ ಮಾತನ್ನು ರಾಯಭಾರಿ ತನ್ನ ವರದಿಯಲ್ಲಿ ದಾಖಲಿಸಿದ್ದಾನೆ.

ಐವತ್ತೈದು ವರ್ಷದ ಅಜ್ಜಿ ಆ ಮಾತನ್ನಾಡಿಸಿದಾಗ ಆಕೆಯ ಕಣ್ಣ ಮುಂದೆ ಪೆಂಬ್ರೋಕಿನ ಆ ಚಳಿಗಾಲದ ಕೋಣೆ ಸುಳಿದಿರಲಾರದೆ? ತನಗೆ ಒದಗಿದುದರ ಬಗ್ಗೆ ಆಕೆ ದೂರಿಕೊಂಡ ಒಂದು ಸಾಲೂ ದೊರೆಯದು. ಆಕೆಯ ಹೊಟ್ಟೆಯೊಳಗಿನ ಸಂಕಟದ ಸುಳಿವು ಸಿಗುವುದು ಮೊಮ್ಮಗಳನ್ನು ಕುರಿತ ಈ ಭಯದಲ್ಲಿ ಮಾತ್ರ. ಹಗೆತನವಿದ್ದಿತೆನ್ನಲಾದ ಅತ್ತೆಯೂ ಸೊಸೆಯೂ ಇಲ್ಲಿ ಒಂದಾದರು. ಒಂದು ರಾಜ್ಯದ ಸಂಧಾನ ಒಬ್ಬ ಹುಡುಗಿಯ ಮೈ ಬೆಳೆಯುವ ತನಕ ಕಾದುನಿಂತಿತು. ಐದು ವರ್ಷಗಳ ಬಳಿಕ, ೧೫೦೩ರ ಬೇಸಗೆಯಲ್ಲಿ, ಆಕೆಯ ಮೆರವಣಿಗೆ ಉತ್ತರಕ್ಕೆ ಹೊರಟದ್ದು ಅಜ್ಜಿಯ ಕಾಲಿವೆಸ್ಟನ್ ಮನೆಯಿಂದಲೇ. ಆಗಲೂ ಆಕೆಗೆ ಹದಿಮೂರೇ. ಕಾಲದ ರೂಢಿ ಅದಕ್ಕಿಂತ ಹೆಚ್ಚು ಸಡಿಲವಾಗಲಿಲ್ಲ. ಆದರೆ ಆಕೆಗೆ ಮೊದಲ ಮಗುವಾದುದು ೧೫೦೭ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ. ಆ ಮದುವೆಯ ಸಂತತಿಯಲ್ಲಿಯೇ ಮುಂದೆ ೧೬೦೩ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡುಗಳ ಕಿರೀಟಗಳನ್ನು ಒಂದೇ ತಲೆಗೆ ಧರಿಸಿದ ಜೇಮ್ಸ್ ಹುಟ್ಟಿದ.

ತಾಯಿಮಕ್ಕಳ ಪತ್ರಗಳಲ್ಲಿಯೂ ಇದೇ ಆರ್ದ್ರತೆ ಕಾಣುತ್ತದೆ. ಒಂದು ಪತ್ರದ ಕೊನೆಯಲ್ಲಿ ಆಕೆ ತಾರೀಖಿನ ಬದಲು, ತನ್ನ ಒ‌ಬ್ಬನೇ ಮಗನನ್ನು ಈ ಲೋಕಕ್ಕೆ ತಂದ ದಿನವಿದು ಎಂದು ಬರೆದಿದ್ದಾಳೆ. ಮಗನೂ ಅಂಥವನೇ. ಕಣ್ಣು ಮೊದಲಿನಂತೆ ಕಾಣದಾದುದರಿಂದ ತನ್ನ ಕೈಯಾರೆ ಪತ್ರ ಬರೆದು ಮುಗಿಸಲು ಮೂರು ದಿನ ಹಿಡಿಯಿತೆಂದು ತಾಯಿಯ ಕ್ಷಮೆ ಕೇಳಿದ್ದಾನೆ.

ಉಳಿದ ಕೀರ್ತಿ

ಎಳೆತನದಲ್ಲಿ ಲ್ಯಾಟಿನ್ ಕಲಿಯಲಿಲ್ಲವೆಂಬುದು ಆಕೆಯ ಮಾಸದ ಕೊರಗಾಗಿದ್ದಿತು. ಫ್ರೆಂಚ್ ಬಲ್ಲವಳಾದುದರಿಂದ ‘ಕ್ರಿಸ್ತಾನುಕರಣ’ವೆಂದು ಪ್ರಸಿದ್ಧವಾದ ಭಕ್ತಿಗ್ರಂಥದ ನಾಲ್ಕನೆಯ ಭಾಗವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಾನೇ ಅನುವಾದಿಸಿ ಅಚ್ಚು ಹಾಕಿಸಿದಳು. ಇಂಗ್ಲೆಂಡಿಗೆ ಮುದ್ರಣವನ್ನು ತಂದ ಕ್ಯಾಕ್ಸ್‌ಟನ್ನನಿಗೂ ಆಕೆಯ ಪ್ರೋತ್ಸಾಹವಿದ್ದಿತು. ಫಿಶರನ ಸಲಹೆಯಂತೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳಲ್ಲಿ ದೇವಶಾಸ್ತ್ರದ ಪೀಠಗಳನ್ನು ಸ್ಥಾಪಿಸಿದಳು. ಅವು ಇಂದಿಗೂ ಆಕೆಯ ಹೆಸರಿನಲ್ಲಿಯೇ ನಡೆಯುತ್ತಿವೆ. ೧೫೦೫ರಲ್ಲಿ ಬಡವಾಗಿದ್ದ ಹಳೆಯ ವಿದ್ಯಾಲಯವೊಂದಕ್ಕೆ ಧಾರಾಳವಾಗಿ ದತ್ತಿ ಬಿಟ್ಟು ಕ್ರೈಸ್ಟ್ಸ್ ಕಾಲೇಜನ್ನು ಕಟ್ಟಿದಳು. ಆಕೆಯ ಆಸ್ತಿಯಿಂದ ೧೫೧೧ರಲ್ಲಿ ಸೇಂಟ್ ಜಾನ್ಸ್ ಕಾಲೇಜು ಮೈತಳೆಯಿತು. ಕ್ರೈಸ್ಟ್ಸ್ ಕಾಲೇಜಿನ ಮಹಡಿಯ ಕಿಟಕಿಯಿಂದ ಒಮ್ಮೆ ಕೆಳಗೆ ನೋಡುತ್ತಿದ್ದಾಗ ಅಧ್ಯಾಪಕನೊಬ್ಬ ಹುಡುಗನನ್ನು ದಂಡಿಸುತ್ತಿದ್ದುದನ್ನು ಕಂಡು, “ಮೆಲ್ಲಗೆ, ಮೆಲ್ಲಗೆ” ಎಂದು ಕೂಗಿದಳೆಂದು ಅಲ್ಲಿ ಒಂದು ಐತಿಹ್ಯವಿದೆ.

ಆ ಕ್ರೈಸ್ಟ್ಸ್ ಕಾಲೇಜಿನಲ್ಲಿ ಮಿಲ್ಟನ್ ಕಲಿತ, ಡಾರ್ವಿನ್ ಕಲಿತ. ನಮ್ಮ ಜಗದೀಶಚಂದ್ರ ಬೋಸರೂ ಕಲಿತರು. ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿದ ಮನಮೋಹನ ಸಿಂಗರು ಮುಂದೆ ಭಾರತದ ಪ್ರಧಾನಿಗಳಾದರು. ಹೆಂಗಸೊಬ್ಬಳು ಕಟ್ಟಿಸಿದ ಈ ಕಾಲೇಜುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶ ದೊರೆತುದು ಮಾತ್ರ ನಾಲ್ಕೂವರೆ ಶತಮಾನಗಳ ಮೇಲೆ. ಕ್ರೈಸ್ಟ್ಸ್ ಕಾಲೇಜಿನಲ್ಲಿ ೧೯೭೮ರಲ್ಲಿ. ಅದಕ್ಕೆ ನೂರು ವರ್ಷ ಮೊದಲೇ ಆಕ್ಸ್‌ಫರ್ಡಿನವರು ಹೆಣ್ಣುಮಕ್ಕಳಿಗಾಗಿ ತೆರೆದ ವಿದ್ಯಾಲಯಕ್ಕೆ ಲೇಡಿ ಮಾರ್ಗರೆಟ್ ಹಾಲ್ ಎಂದು ಹೆಸರಿಟ್ಟಿದ್ದರು.

೧೫೦೯ರ ಏಪ್ರಿಲ್ ೨೧ರಂದು ಏಳನೆಯ ಹೆನ್ರಿ ಕಾಲವಶನಾದ. ಯಾವ ಮಗನಿಗಾಗಿ ಬದುಕಿದ್ದಳೋ ಆ ಮಗನನ್ನು ಕಳೆದುಕೊಂಡ ಅರುವತ್ತೈದರ ತಾಯಿ ಕುಸಿದು ಕೂರಲಿಲ್ಲ. ಹದಿನೆಂಟು ತುಂಬದ ಮೊಮ್ಮಗ ಎಂಟನೆಯ ಹೆನ್ರಿಗೆ ಮಂತ್ರಿಗಳನ್ನು ಆರಿಸುವುದರಲ್ಲಿ ನೆರವಾದಳು. ಜೂನ್ ೨೪ರಂದು ಅವನ ಪಟ್ಟಾಭಿಷೇಕವನ್ನು ಕಣ್ಣಾರೆ ಕಂಡಳು. ಐದನೆಯ ದಿನ, ಜೂನ್ ೨೯ರಂದು, ವೆಸ್ಟ್‌ಮಿನ್‌ಸ್ಟರಿನಲ್ಲಿ ಕಣ್ಣು ಮುಚ್ಚಿದಳು. ಹಿಡಿದ ಕೆಲಸ ಮುಗಿಯುವವರೆಗೆ ಪ್ರಾಣವನ್ನು ಬಿಗಿಹಿಡಿದಿದ್ದವಳಂತೆ.

ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿರುವ ಆಕೆಯ ಸಮಾಧಿಯ ಮೇಲೆ ಇಟಲಿಯ ಶಿಲ್ಪಿ ತೊರ್ರಿಜಿಯಾನೊ ರಚಿಸಿದ ಕಂಚಿನ ಪ್ರತಿಮೆಯಿದೆ. ರಾಜಮಾತೆಯ ಆಡಂಬರವಿಲ್ಲ, ವಿಧವೆಯ ಉಡುಪು, ಸುಕ್ಕುಗಟ್ಟಿದ ಮುಖ, ಪ್ರಾರ್ಥನೆಗೆ ಎತ್ತಿದ ಕೈಗಳು. ಆ ಕೈಗಳನ್ನು ಶಿಲ್ಪಿ ಮುದುಕಿಯ ಕೈಗಳಾಗಿಯೇ ಕಡೆದಿದ್ದಾನೆ. ಬದುಕಿದ್ದಾಗ ಆಕೆ ತನ್ನ ಲಾಂಛನದೊಡನೆ ಇರಿಸಿಕೊಂಡಿದ್ದ ಧ್ಯೇಯವಾಕ್ಯ ಫ್ರೆಂಚ್ ಭಾಷೆಯ ಮೂರೇ ಪದಗಳದು. ‘ನನಗೆ ಮತ್ತೆ ಮತ್ತೆ ನೆನಪಾಗುತ್ತದೆ’ ಎಂದು ಅದರ ಅರ್ಥ. ಏನು ನೆನಪಾಗುತ್ತದೆಂದು ಆಕೆ ಎಲ್ಲಿಯೂ ಹೇಳಲಿಲ್ಲ. ಸ್ಕಾಟ್ಲೆಂಡಿಗೆ ಹೋಗುವ ಮೊಮ್ಮಗಳನ್ನು ಐದು ವರ್ಷ ತಡೆದು ನಿಲ್ಲಿಸಿದವಳು ಅದನ್ನು ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ.